ಕರುಳಿನ ಹೊಲಿಗೆಗೆ ಹಸಿರು ಬಣ್ಣದ ಕಾವಲು

ಮನೆಯಲ್ಲಿ ಯಾರಿಗಾದರೂ ಕರುಳಿನ ಆಪರೇಷನ್ ಅಂದರೆ ಸಾಕು, ‘ಹೊಲಿಗೆ ಎಷ್ಟು ಹಾಕ್ತಾರಂತೆ?’ ಅಂತ ಎಲ್ಲರೂ ಕೇಳುವುದು ರೂಢಿ. ಸೋದರಿಯರೇ, ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಹರಿದ ಸೀರೆ ದಾರದ ಬಲದಿಂದ ನಿಲ್ಲುತ್ತದೆ. ಕರುಳು ಹಾಗಲ್ಲ, ಅದು ಕೂಡಿಕೊಳ್ಳುವುದು ರಕ್ತದ ಬಲದಿಂದ.

ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದಾಗ ವೈದ್ಯರು ಕೆಟ್ಟ ಭಾಗವನ್ನು ತೆಗೆದು, ಉಳಿದ ಎರಡು ತುದಿಗಳನ್ನು ಜೋಡಿಸುತ್ತಾರೆ. ಆ ಜೋಡಣೆ ಬಿಟ್ಟುಕೊಂಡರೆ ಮಲ ಹೊಟ್ಟೆಯೊಳಗೆ ಸೋರಿ ನಂಜಾಗುತ್ತದೆ. ಕೆಲವರಿಗೆ ಎರಡನೇ ಆಪರೇಷನ್, ಹೊಟ್ಟೆಯ ಮೇಲೆ ಮಲದ ಚೀಲ. ಒಮ್ಮೊಮ್ಮೆ ಪ್ರಾಣಕ್ಕೇ ಸಂಚಕಾರ. ಸಂಡೂರು ತಾಲ್ಲೂಕಿನ ಚೋರನೂರಿನಂಥ ಊರಿನ ಹೆಣ್ಣುಮಗಳಿಗಂತೂ ಹೊಲ, ಮನೆ, ಮಕ್ಕಳನ್ನು ಬಿಟ್ಟು ಮತ್ತೆ ಬಳ್ಳಾರಿಯ ಆಸ್ಪತ್ರೆಗೆ ಓಡಬೇಕಾದ ಸಂಕಟ.

ಕಂಪ್ಲಿ ಕಡೆಯ ಗದ್ದೆಗಳನ್ನು ನೋಡಿದವರಿಗೆ ಈ ಮಾತು ಬೇಗ ತಿಳಿಯುತ್ತದೆ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟರಷ್ಟೇ ಸಾಲದು, ಕೊನೆಯ ಗದ್ದೆಗೆ ಮುಟ್ಟಿತೇ ಅಂತ ಹೋಗಿ ನೋಡಬೇಕು. ಕರುಳಿನ ತುದಿಯೂ ಹಾಗೆಯೇ. ಅದರ ಬಣ್ಣ, ಮಿಡಿತ, ಕೊಯ್ದ ಅಂಚಿನಲ್ಲಿ ಜಿನುಗುವ ರಕ್ತ, ಇವನ್ನು ನೋಡಿಯೇ ವೈದ್ಯರು ಅಂದಾಜು ಮಾಡುತ್ತಾರೆ. ಆದರೆ ಪಳಗಿದ ಕಣ್ಣೂ ಒಮ್ಮೊಮ್ಮೆ ಮೋಸ ಹೋಗುತ್ತದೆ.

ಇಲ್ಲಿ ನೆರವಿಗೆ ಬಂದಿದ್ದು ಇಂಡೋಸಯನೈನ್ ಗ್ರೀನ್ ಎಂಬ ಹಸಿರು ಬಣ್ಣ. ಫೋಟೋ ಫಿಲ್ಮ್ ಮಾಡುತ್ತಿದ್ದ ಕೊಡಕ್ ಕಂಪನಿಯ ಪ್ರಯೋಗಾಲಯದಲ್ಲಿ ಹುಟ್ಟಿದ ಇದು 1950ರ ದಶಕದಲ್ಲಿ ವೈದ್ಯರ ಕೈಸೇರಿತು. ಆಪರೇಷನ್ ನಡೆಯುವಾಗಲೇ ಇದನ್ನು ರಕ್ತನಾಳಕ್ಕೆ ಚುಚ್ಚುತ್ತಾರೆ. ಬರಿಗಣ್ಣಿಗೆ ಕಾಣದ ಅವಕೆಂಪು ಬೆಳಕಿನ ವಿಶೇಷ ಕ್ಯಾಮೆರಾದಲ್ಲಿ ನೋಡಿದರೆ, ಸುಮಾರು ಒಂದು ನಿಮಿಷದೊಳಗೆ ರಕ್ತ ಹರಿಯುವ ಕರುಳು ಪರದೆಯ ಮೇಲೆ ಹೊಳೆಯುತ್ತದೆ. ಹೊಳೆಯದೆ ಕಪ್ಪಾಗಿ ಉಳಿದ ಭಾಗವನ್ನು ಇನ್ನಷ್ಟು ಕತ್ತರಿಸಿ, ಹೊಳೆಯುವ ಕಡೆ ಜೋಡಿಸುತ್ತಾರೆ. ಬಣ್ಣವೇನೂ ಮೈಯಲ್ಲಿ ಉಳಿಯುವುದಿಲ್ಲ. ಪಿತ್ತಜನಕಾಂಗ ಅದನ್ನು ಪಿತ್ತರಸದ ಜೊತೆ ಹೊರಹಾಕುತ್ತದೆ.

‘ಹಾಗಾದರೆ ಸೋರಿಕೆಯ ಭಯವೇ ಇಲ್ಲವೇ?’ ಅಂತೀರೇನೋ. ಗುದನಾಳದ ಕ್ಯಾನ್ಸರ್ ರೋಗಿಗಳ ಬಗ್ಗೆ 2023ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನದಲ್ಲಿ, ಬಣ್ಣ ಬಳಸಿದವರಲ್ಲಿ ನೂರಕ್ಕೆ 7.6 ಮಂದಿಗೆ, ಬಳಸದವರಲ್ಲಿ 11.8 ಮಂದಿಗೆ ಸೋರಿಕೆಯಾಯಿತು. ಆದರೆ 2024ರ ನೆದರ್ಲೆಂಡ್ಸ್ ಅಧ್ಯಯನದಲ್ಲಿ ಅದು 7 ಮತ್ತು 9 ಮಾತ್ರ. ಇಷ್ಟು ಅಂತರ ಆಕಸ್ಮಿಕವೂ ಇರಬಹುದು. ಏಕೆಂದರೆ ರಕ್ತದ ಕೊರತೆ ಒಂದೇ ಕಾರಣವಲ್ಲ. ಬೀಡಿ ಸಿಗರೇಟು, ಸಕ್ಕರೆ ಕಾಯಿಲೆ, ಪೌಷ್ಟಿಕ ಆಹಾರದ ಕೊರತೆ, ಜೋಡಣೆಯ ಮೇಲೆ ಬೀಳುವ ಎಳೆತ, ಇವೂ ಕಾರಣಗಳೇ. ಬಣ್ಣ ಒಳ್ಳೆಯ ಸಹಾಯಕ, ತಾಯಿತವಲ್ಲ.

ಆಪರೇಷನ್ನಿಗೆ ಮೊದಲು ವೈದ್ಯರನ್ನು ಕೇಳಿ: ‘ಡಾಕ್ಟ್ರೇ, ಕರುಳಿಗೆ ರಕ್ತ ಬರೋದನ್ನ ಹೇಗೆ ನೋಡ್ತೀರಿ? ಬಣ್ಣ ನೋಡುವ ಕ್ಯಾಮೆರಾ ಇಲ್ಲಿದೆಯಾ?’ ಇಲ್ಲ ಅಂದರೆ ಗಾಬರಿ ಬೇಡ. ಅದಿಲ್ಲದೆಯೂ ಹೆಚ್ಚಿನವರ ಜೋಡಣೆ ಚೆನ್ನಾಗಿಯೇ ಕೂಡುತ್ತದೆ. ಅಯೋಡಿನ್ ಒಗ್ಗದವರು, ಹಿಂದೆ ಯಾವುದಾದರೂ ಇಂಜೆಕ್ಷನ್ನಿನಿಂದ ಮೈ ದದ್ದರಿಸಿದವರು ಅದನ್ನು ಮುಚ್ಚಿಡದೆ ಹೇಳಬೇಕು.

ಮನೆಗೆ ಬಂದ ಮೇಲಿನ ಕಾವಲು ಮಾತ್ರ ನಿಮ್ಮದೇ. ಜ್ವರ, ದಿನೇದಿನೇ ಹೆಚ್ಚುವ ಹೊಟ್ಟೆನೋವು, ಹೊಟ್ಟೆ ಉಬ್ಬರ, ವಾಂತಿ, ಎದೆಬಡಿತದ ವೇಗ, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ‘ವಾಯು ಇರಬೇಕು, ಕಷಾಯ ಕುಡಿದರಾಯ್ತು’ ಅಂತ ಕೂರಬೇಡಿ. ‘ಸುಮ್ಮನೆ ಖರ್ಚು, ಬೆಳಗಾಗಲಿ’ ಅಂತ ನೋವು ನುಂಗಿಕೊಳ್ಳುವುದು ನಮ್ಮ ಹೆಂಗಸರ ಹಳೆಯ ಚಾಳಿ. ಕರುಳಿನ ವಿಷಯದಲ್ಲಿ ಆ ಒಂದು ರಾತ್ರಿಯೇ ದುಬಾರಿಯಾದೀತು. ಕೂಡಲೇ ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ, ಹೊರಟುಬಿಡಿ.