ಹುಡುಕಿದ್ದು ಒಂದು, ಸಿಕ್ಕಿದ್ದು 7,653

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಮಂದಿಗೆ ಪುಣೆ ಪರಸ್ಥಳವೇನಲ್ಲ. ಓದು, ನೌಕರಿ, ದವಾಖಾನೆ ಎಂದು ನಿಪ್ಪಾಣಿಯಲ್ಲಿ ಹೆದ್ದಾರಿ ಹಿಡಿಯುವವರು ಬಹಳ. ಪುಣೆ ದಾಟಿ ನಾಸಿಕದ ದಾರಿಯಲ್ಲಿ ಇನ್ನು ಸುಮಾರು 80 ಕಿ.ಮೀ. ಹೋದರೆ ನಾರಾಯಣಗಾವ್, ಅದರ ಪಕ್ಕಕ್ಕೆ ಖೋಡದ. ತಲಾ 45 ಮೀಟರ್ ಅಗಲದ 30 ಆಂಟೆನಾಗಳ ಜಿಎಂಆರ್‌ಟಿ ರೇಡಿಯೊ ದೂರದರ್ಶಕ ಇರುವುದು ಅಲ್ಲಿಯೇ.

ಇದನ್ನು ಕಟ್ಟಿದ್ದೇ ಹೈಡ್ರೋಜನ್ ಅನಿಲದ ಬೆನ್ನು ಹತ್ತಿ. ತಣ್ಣಗಿನ ಹೈಡ್ರೋಜನ್ ಪರಮಾಣು 21 ಸೆಂ.ಮೀ. ಉದ್ದದ ರೇಡಿಯೊ ತರಂಗ ಹೊರಡಿಸುತ್ತದೆ. ಆದರೆ ಒಂದು ಪರಮಾಣುವಿನ ಸರದಿ ಬರುವುದು ಕೋಟಿ ವರ್ಷಕ್ಕೊಮ್ಮೆ! ಇಂಥ ಸಂಕೇತ ಸಿಗಬೇಕೆಂದು 1944ರಲ್ಲಿ ಹೇಳಿದವರು ಡಚ್ ವಿಜ್ಞಾನಿ ವಾನ್ ಡಿ ಹುಲ್ಸ್ಟ್. 1951ರಲ್ಲಿ ಹಿಡಿದವರು ಹಾರ್ವರ್ಡ್‌ನ ಇವೆನ್ ಮತ್ತು ಪರ್ಸೆಲ್. ಗೆಲಾಕ್ಸಿಗಳು ಹುಟ್ಟುವ ಮೊದಲಿನ ದೈತ್ಯ ಹೈಡ್ರೋಜನ್ ಮೋಡಗಳನ್ನು ಹುಡುಕುವ ಆಸೆ 1984ರ ಸುಮಾರಿಗೆ ರೇಡಿಯೊ ಖಗೋಳವಿಜ್ಞಾನಿ ಗೋವಿಂದ ಸ್ವರೂಪ್ ಅವರಿಗೆ ಬಂತು. ದುಡ್ಡು ಕಡಿಮೆ, ಆಂಟೆನಾ ದೊಡ್ಡದು. ಹಾಗಾಗಿ ಗಟ್ಟಿ ತಗಡಿನ ಬದಲು ಎಳೆದು ಕಟ್ಟಿದ ತೆಳು ಉಕ್ಕಿನ ಜಾಲರಿ. ಅದರ ಕಣ್ಣು ಒಂದರಿಂದ ಎರಡು ಸೆಂ.ಮೀ.; ಗಾಳಿ ನುಗ್ಗಿ ಹೋಗುತ್ತದೆ, ಉದ್ದ ತರಂಗ ಮಾತ್ರ ತಾಗಿ ಮರಳುತ್ತದೆ. 21 ಸೆಂ.ಮೀ. ತರಂಗ ಹಿಡಿಯುವ ಗ್ರಾಹಕಗಳು ತಯಾರಾದದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ.

ಆ ದೈತ್ಯ ಮೋಡಗಳು ಮಾತ್ರ ಸಿಗಲಿಲ್ಲ. ಚಿಕ್ಕ ಗೆಲಾಕ್ಸಿಗಳು ಕೂಡಿಯೇ ದೊಡ್ಡವು ಆದವು ಎಂಬ ತಿಳಿವಳಿಕೆ ಅಷ್ಟರಲ್ಲಿ ಬೇರೂರಿತ್ತು.

ಉಳಿದದ್ದು ದೂರದ ಗೆಲಾಕ್ಸಿಗಳೊಳಗಿನ ಹೈಡ್ರೋಜನ್ ಹುಡುಕುವುದು. ಅದರಲ್ಲಿ, ಕೇಂದ್ರದ ಕಪ್ಪುರಂಧ್ರ ಅನಿಲ ನುಂಗುವ ಸಕ್ರಿಯ ಗೆಲಾಕ್ಸಿಗಳದ್ದು ಬೇರೆ ಲೆಕ್ಕ. ಹಿಂದಿನಿಂದ ಪ್ರಖರ ರೇಡಿಯೊ ಬೆಳಕು ಬೀಳುವುದರಿಂದ ಮುಂದಿರುವ ಅನಿಲ ನೆರಳಿನಂತೆ ಕಾಣುತ್ತದೆ. ಎಷ್ಟು ದೂರ ಎಂಬುದು ಅಷ್ಟು ಕಾಡುವುದಿಲ್ಲ. ಸಾಧಾರಣ ಗೆಲಾಕ್ಸಿಗೆ ಆ ಅನುಕೂಲವಿಲ್ಲ. ಮೇಲಾಗಿ ಬ್ರಹ್ಮಾಂಡ ಹಿಗ್ಗಿದಂತೆ ತರಂಗವೂ ಹಿಗ್ಗಿ, 21 ಇದ್ದದ್ದು 40 ಸೆಂ.ಮೀ. ದಾಟಿ ಬರುತ್ತದೆ. ಹಳೆಯ ಜಿಎಂಆರ್‌ಟಿ ಒಮ್ಮೆಗೆ ಹೆಚ್ಚೆಂದರೆ 32 ಮೆಗಾಹರ್ಟ್ಸ್ ಪಟ್ಟಿ ಆಲಿಸುತ್ತಿತ್ತು. ನವೀಕರಣದ ನಂತರ ಅದು 400; ಬೇರೆ ಬೇರೆ ದೂರದ ಗೆಲಾಕ್ಸಿಗಳನ್ನು ಒಮ್ಮೆಗೇ ಆಲಿಸಬಹುದು. ನನ್ನ ಮಟ್ಟಿಗೆ, ಕಥೆ ತಿರುಗಿದ್ದು ಇಲ್ಲೇ.

ಪುಣೆಯ ವಿಜ್ಞಾನಿಗಳಾದ ಆದಿತ್ಯ ಚೌಧರಿ, ನಿಸ್ಸಿಮ್ ಕಾನೇಕರ್, ಜಯರಾಮ್ ಚೆಂಗಲೂರ್ ಜೊತೆ ರಾಮನ್ ಸಂಸ್ಥೆಯ ಶಿವ್ ಸೇಠಿ, ಕೆ.ಎಸ್. ದ್ವಾರಕನಾಥ್ ಕೂಡಿದರು. ತೆನೆ ತೆನೆ ಕೂಡಿ ಬಳ್ಳ ಎಂಬಂತೆ, ಒಂದೊಂದಾಗಿ ಕಾಣದ 7,653 ಗೆಲಾಕ್ಸಿಗಳ ಸಂಕೇತ ಒಟ್ಟುಗೂಡಿಸಿದರು. ಸುಮಾರು 800 ಕೋಟಿ ವರ್ಷದ ಹಿಂದಿನ ಹೈಡ್ರೋಜನ್ ಸಿಕ್ಕಿತು! 2020ರಲ್ಲಿ ‘ನೇಚರ್’ ಪತ್ರಿಕೆ ಅದನ್ನು ಪ್ರಕಟಿಸಿತು. ಆಗಿನ ಗೆಲಾಕ್ಸಿಗಳಲ್ಲಿ ಅನಿಲ ಯಥೇಚ್ಛವಾಗಿದ್ದರೂ ನಕ್ಷತ್ರ ಹುಟ್ಟುವ ಭರಕ್ಕೆ 100–200 ಕೋಟಿ ವರ್ಷದಲ್ಲಿ ತೀರುವಷ್ಟೇ ಇತ್ತು. ಆಮೇಲೆ ನಕ್ಷತ್ರ ಹುಟ್ಟುವುದು ಇಳಿಮುಖವಾದದ್ದಕ್ಕೆ ಅದೊಂದು ಕಾರಣ. ಅದೇ ವರ್ಷ ಸೆಪ್ಟೆಂಬರ್ 7ರಂದು ಸ್ವರೂಪ್ ತೀರಿಕೊಂಡರು.

ಫೆಬ್ರುವರಿ 28ರ ವಿಜ್ಞಾನ ದಿನದ ಸುಮಾರಿಗೆ ಖೋಡದದಲ್ಲಿ ಪ್ರದರ್ಶನ ಇರುತ್ತದೆ, ಜನರಿಗೂ ಪ್ರವೇಶವಿದೆ. ನಮ್ಮ ಭಾಗದ ಗುರುಗಳು ಪುಣೆ ಪ್ರವಾಸಕ್ಕೆ ಒಂದು ದಿನ ಕೂಡಿಸಿ ಹುಡುಗರನ್ನು ಅಲ್ಲಿಗೂ ಕರೆದೊಯ್ಯಲಿ. ಆಂಟೆನಾ ಹತ್ತಿರ ಮೊಬೈಲ್ ಮಾತ್ರ ಬಂದ್ ಇಡಬೇಕು.