ಬೋರಮಾಳದ ಗುಂಡಿನಲ್ಲಿ ಟ್ಯೂಬ್‌ಲೈಟು

ಅಂಗಡಿಗೆ ಬಂದ ಹೊಸ ನಮೂನೆಯ ಬೋರಮಾಳ, ಅಂದರೆ ಚಿನ್ನದ ಗುಂಡಿನ ಸರ, ಗಾಜಿನ ಕಪಾಟು ಸೇರುವ ಮೊದಲೇ ವಾಟ್ಸ್‌ಆ್ಯಪ್ ಸ್ಟೇಟಸ್ ಸೇರುವ ಕಾಲ ಇದು. ಕಂಪ್ಲಿಯಂಥ ಊರಿನಲ್ಲೂ ಅಷ್ಟೇ. ಮದುವೆ ಮನೆಯವರು ಹೊಳೆಯಾಚೆ ಗಂಗಾವತಿಯಲ್ಲಿ ಕೂತು ಫೋನಿನಲ್ಲೇ ಎರಡು ಸರ ಆರಿಸಿಕೊಂಡು, ಆಮೇಲೆ ಅಂಗಡಿ ಮೆಟ್ಟಿಲು ಹತ್ತಬಹುದು. ಹಾಗಾಗಿ ಒಡವೆಯ ಫೋಟೊ ತೆಗೆಯುವುದೂ ಒಂದು ಕಸುಬಾಗಿದೆ. ಮದುವೆ ಫೋಟೊಗಿಂತ ಇದು ಕಷ್ಟದ್ದು.

ಯಾಕೆ ಕಷ್ಟ ಅಂದರೆ, ಬೋರಮಾಳದ ಒಂದೊಂದು ಗುಂಡೂ ಒಂದು ಉಬ್ಬುಗನ್ನಡಿ. ಅಂಗಡಿಯ ಟ್ಯೂಬ್‌ಲೈಟು, ಫ್ಯಾನು, ಫೋನ್ ಹಿಡಿದ ಕೈ ಎಲ್ಲವೂ ಪ್ರತಿ ಗುಂಡಿನಲ್ಲಿ ಪುಟಾಣಿಯಾಗಿ ಕೂತುಬಿಡುತ್ತವೆ. ಫ್ಲ್ಯಾಶ್ ಹಾಕಿದರೆ ಗುಂಡಿಗೊಂದು ಬಿಳಿ ಚುಕ್ಕೆ ಉಳಿದು ಬಂಗಾರದ ಬಣ್ಣವೇ ಸೋರಿಹೋಗುತ್ತದೆ. ಬಲ್ಲವರು ಫ್ಲ್ಯಾಶ್ ಮುಟ್ಟುವುದಿಲ್ಲ. ನೇರ ಬಿಸಿಲು ಬೀಳದ ಕಿಟಕಿಯ ಬಳಿ ಸರ ಇಟ್ಟು, ಸುತ್ತ ಬಟರ್ ಪೇಪರಿನ ಗೂಡು ಕಟ್ಟಿ, ಲೆನ್ಸ್ ತೂರುವಷ್ಟೇ ಕಿಂಡಿ ಬಿಡುತ್ತಾರೆ. ಆದರೆ ಸುತ್ತಲೂ ಬರೀ ಬಿಳಿಯಾದರೆ ದುಂಡನೆಯ ಗುಂಡು ಚಪ್ಪಟೆಯಾಗಿ ಕಾಣುತ್ತದೆ. ಅದಕ್ಕೇ ಒಂದು ಬದಿಗೆ ಬೆರಳಗಲದ ಕಪ್ಪು ರಟ್ಟು ನಿಲ್ಲಿಸುವುದು. ಅದರ ಕಪ್ಪು ಗೆರೆ ಮೈಮೇಲೆ ಹಾಯ್ದರೆ ಉಬ್ಬು ಎದ್ದು ಬರುತ್ತದೆ. ಬೆಳ್ಳಿ ಕಾಲ್ಗೆಜ್ಜೆಯ ಅಂಚು ಕಾಣಬೇಕಾದರೂ ಈ ರಟ್ಟೇ ಬೇಕು. ಇನ್ನು ತೀರಾ ಹತ್ತಿರ ಹೋದರೆ ಮುಂದಿನ ಗುಂಡು ಸ್ಪಷ್ಟ, ಹಿಂದಿನದು ಮಸುಕು. ಕ್ಯಾಮೆರಾದವರು ಟ್ರೈಪಾಡ್ ಹಾಕಿ ಅಪರ್ಚರ್ ಎಫ್/11ರ ಸುಮಾರಿಗೆ ಕಿರಿದು ಮಾಡುತ್ತಾರೆ. ಫೋನಿನವರು ತುಸು ಹಿಂದೆ ಸರಿದು ತೆಗೆದು, ಬೇಕಾದಷ್ಟು ಕತ್ತರಿಸಿಕೊಂಡರೆ ಸಾಕು.

ಚಂದ ಕಾಣಿಸುವುದು ಅರ್ಧ ಕೆಲಸ. ಬೋರಮಾಳದ ಗುಂಡಿನೊಳಗೆ ಅರಗು ತುಂಬಿರುವುದುಂಟು. ಅರಗೆಷ್ಟು, ಚಿನ್ನವೆಷ್ಟು ಎಂಬುದನ್ನು ಯಾವ ಲೆನ್ಸೂ ಹೇಳದು, ಕೆಳಗೆ ಬರೆಯಬೇಕು. ಸರವನ್ನು ಕೊರಳಿಗೆ ಹಾಕಿದ ಒಂದು ಫೋಟೊ ಇಲ್ಲದಿದ್ದರೆ ಅಳತೆ ತಿಳಿಯದು. ಹಾಲ್‌ಮಾರ್ಕ್ ಚಿನ್ನದ ಒಡವೆಗೆ 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತು ಕಡ್ಡಾಯ. 22 ಕ್ಯಾರೆಟ್ಟಿನ 916ರ ಜೊತೆ ಅದನ್ನೂ ಓದಲು ಬರುವಂತೆ ಒಂದು ಫೋಟೊ ಹಾಕಿದರೆ ಗಿರಾಕಿಯ ಅರ್ಧ ಪ್ರಶ್ನೆ ಮುಗಿಯುತ್ತದೆ. ಫಿಲ್ಟರ್ ಹಾಕಿ ಹಳದಿ ಏರಿಸುವುದು ಮಾತ್ರ ಬೇಡ. ಬಣ್ಣ ನೋಡಿ ಬಂದವರು ಬಣ್ಣಕ್ಕಾಗಿಯೇ ಜಗಳ ತೆಗೆಯುತ್ತಾರೆ.

ಚಿನ್ನವಾದರೂ ವಾಸಿ, ಸಂಡೂರಿನ ಲಂಬಾಣಿ ಸರಕು ಕ್ಯಾಮೆರಾಕ್ಕೆ ಇನ್ನೂ ಕಷ್ಟ. ಲಂಬಾಣಿ ಹೆಣ್ಣುಮಕ್ಕಳ ಸಿಂಗಾರದಲ್ಲಿ ಕವಡೆ, ನಾಣ್ಯ, ಮಣಿ, ಕನ್ನಡಿ ಬಿಲ್ಲೆಗಳು ಬಟ್ಟೆಯ ಜೊತೆಗೇ ಹೊಲಿದಿರುತ್ತವೆ. ಒಂದು ಬಿಲ್ಲೆಯ ಹೊಳಪು ತಗ್ಗಿಸಿದರೆ ಇನ್ನೊಂದು ಕಣ್ಣಿಗೆ ಕುಕ್ಕುತ್ತದೆ. ಎಲ್ಲವನ್ನೂ ತಗ್ಗಿಸಿದರೆ ಕನ್ನಡಿ ಇದ್ದೂ ಇಲ್ಲದಂತೆ. ನನ್ನ ಕೇಳಿದರೆ ನಾಲ್ಕು ಬಿಲ್ಲೆ ಮಿಂಚಲಿ, ಉಳಿದವು ಬೂದುಬಣ್ಣದಲ್ಲಿರಲಿ. ಸಂಡೂರು ಕುಶಲ ಕಲಾ ಕೇಂದ್ರ ಈ ಕೈಕೆಲಸವನ್ನು ಮಾರುಕಟ್ಟೆಗೆ ತಂದ ಸಂಸ್ಥೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೂ ಸೇರಿತು. ಕ್ಯಾಮೆರಾದ ಕಣ್ಣು ಸಂಡೂರಿಗೆ ಹೊಸದಲ್ಲ. ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆ ಕಪ್ಪು-ಬಿಳುಪಿನ ವನ್ಯಜೀವಿ ಛಾಯಾಗ್ರಹಣದಲ್ಲಿ ಹೆಸರಾದವರು.

ಸಂಡೂರು ಲಂಬಾಣಿ ಕಸೂತಿಗೆ ಜಿಐ ಮಾನ್ಯತೆ ಇದೆ. ಆದರೂ ಯಂತ್ರದ ಹೊಲಿಗೆಯ ನಕಲು ಮುಂಬದಿಯ ಫೋಟೊದಲ್ಲಿ ಥೇಟ್ ಹಾಗೇ ಕಾಣಬಹುದು. ಬಟ್ಟೆ ಮಗುಚಿ ತೆಗೆದರೆ ಬೇರೆ ಮಾತು: ಕೈಹೊಲಿಗೆಯ ಹಿಂಬದಿಯಲ್ಲಿ ಗಂಟು, ಒಂದು ಹೂವಿನಿಂದ ಇನ್ನೊಂದಕ್ಕೆ ಹಾರಿದ ದಾರ, ಅಲ್ಲಲ್ಲಿ ಹೆಚ್ಚುಕಮ್ಮಿಯಾದ ಹೊಲಿಗೆ. ಮಾರುವ ಪಟದಲ್ಲಿ ಇದನ್ನು ಮುಚ್ಚಿಡುವವರೇ ಬಹಳ. ದುಡ್ಡು ಕೊಡುವವರು ಕೇಳಿ ತರಿಸಿಕೊಳ್ಳಬೇಕಾದ ಫೋಟೊ ಅದು.