ದಿಂಡಿಗಲ್ ದಾರಿಯ ಯುದ್ಧತಂತ್ರ

ಮೈಸೂರಿನ ಯುದ್ಧಗಳೆಂದರೆ ನಮಗೆ ಶ್ರೀರಂಗಪಟ್ಟಣ, ಬೆಂಗಳೂರುಗಳೇ ನೆನಪಾಗುತ್ತವೆ. ತಮಿಳುನಾಡಿನ ದಿಂಡಿಗಲ್‌ನ ಬಂಡೆಗಲ್ಲ ಕೋಟೆಯನ್ನೂ ಆ ಸಾಲಿಗೆ ಸೇರಿಸಬೇಕು. 1755ರಲ್ಲಿ ಇಲ್ಲಿಗೆ ಫೌಜುದಾರನಾಗಿ ಬಂದ ಹೈದರಾಲಿ ಫ್ರೆಂಚರ ನೆರವಿನಿಂದ ಮದ್ದುಗುಂಡಿನ ಕಾರ್ಖಾನೆ ತೆರೆದ. ಅವನ ಏಳಿಗೆಗೆ ಇದೇ ನೆಲೆಯಾಯಿತು.

ಮೈಸೂರಿನ ಮೇಲೆ ತೆಂಕಣ ದಿಕ್ಕಿನಿಂದ ಏರಿಹೋಗುವ ಇಂಗ್ಲಿಷರ ಯೋಜನೆ ಬಲಿತದ್ದೂ ಈ ಸೀಮೆಯಲ್ಲೇ. 1783ರಲ್ಲಿ ದಿಂಡಿಗಲ್ ಅವರ ವಶವಾಯಿತು. ಅದೇ ವರ್ಷ ಕರ್ನಲ್ ಫುಲ್ಲರ್ಟನ್ ಪಾಲಕ್ಕಾಡು, ಕೊಯಮತ್ತೂರುಗಳನ್ನು ಗೆದ್ದ. ಗಜ್ಜಲಹಟ್ಟಿ ಕಣಿವೆ ಹತ್ತಿ ಶ್ರೀರಂಗಪಟ್ಟಣ ಮುಟ್ಟುವುದು ಅವನ ಗುರಿ. ಸಂಧಿಯ ಮಾತುಕತೆ ಅದಕ್ಕೆ ತಡೆಯೊಡ್ಡಿತು; ಗೆದ್ದ ಕೋಟೆಗಳು ಮೈಸೂರಿಗೆ ಮರಳಿದವು.

1790ರಲ್ಲಿ ಮತ್ತೆ ಯುದ್ಧ ಬಂದಾಗ ಜನರಲ್ ಮೆಡೋಸ್ ಅದೇ ದಾರಿ ಹಿಡಿದ. ಕೊಯಮತ್ತೂರು ಸೀಮೆಯಲ್ಲಿ ದವಸಕ್ಕೆ, ದನಕರುಗಳಿಗೆ ಬರವಿಲ್ಲ. ಬಯಲಿನ ಕೋಟೆಗಳನ್ನು ಒಂದೊಂದಾಗಿ ಹಿಡಿದು, ಉಗ್ರಾಣ ತುಂಬಿಸಿಕೊಂಡು ಘಟ್ಟ ಹತ್ತಬಹುದೆಂಬುದು ಅವನ ಅಂದಾಜು. ಆಗಸ್ಟ್‌ನಲ್ಲಿ ಕರ್ನಲ್ ಸ್ಟುವರ್ಟ್ ದಿಂಡಿಗಲ್‌ಗೆ ಮುತ್ತಿಗೆ ಹಾಕಿದ. ಗುಂಡುಗಳು ಮುಗಿಯುತ್ತ ಬಂದಾಗ ಅವಸರದಲ್ಲಿ ಲಗ್ಗೆಯಿಟ್ಟ. ಕಿಲ್ಲೇದಾರ ಹೈದರ್ ಅಬ್ಬಾಸ್ ಅದನ್ನು ಹಿಮ್ಮೆಟ್ಟಿಸಿದ. ಆದರೆ ಮತ್ತೊಂದು ದಾಳಿಗೆ ಹೆದರಿ ಸಿಪಾಯಿಗಳು ರಾತ್ರೋರಾತ್ರಿ ಕಾಲ್ತೆಗೆದದ್ದರಿಂದ ಬೆಳಗ್ಗೆ ಅವನು ಕೋಟೆ ಒಪ್ಪಿಸಬೇಕಾಯಿತು.

ಅಂದಾಜು ನಿಜವಾಗುತ್ತಿದೆ ಎನಿಸಿದ ಆ ಗಳಿಗೆಯಲ್ಲೇ ಅದು ಮುರಿದುಬಿತ್ತು. ಮೆಡೋಸ್‌ನ ದಂಡು ಪಾಲಕ್ಕಾಡು, ಕೊಯಮತ್ತೂರು, ಸತ್ಯಮಂಗಲಗಳಲ್ಲಿ ಹಂಚಿಹೋಗಿತ್ತು. ಹೈದರಾಲಿಯ ಮಗ ಟಿಪ್ಪು ಘಟ್ಟದ ಮೇಲೆ ಕಾದು ಕೂರಲಿಲ್ಲ. ಇಂಗ್ಲಿಷರು ಹತ್ತಬೇಕೆಂದಿದ್ದ ಗಜ್ಜಲಹಟ್ಟಿಯಿಂದಲೇ ಇಳಿದು ಬಂದು, ಸೆಪ್ಟೆಂಬರ್ 13ರಂದು ಸತ್ಯಮಂಗಲದಲ್ಲಿ ಕರ್ನಲ್ ಫ್ಲಾಯ್ಡ್‌ನ ಮೇಲೆ ಬಿದ್ದ. ಫ್ಲಾಯ್ಡ್ ಹಿಂದೆ ಸರಿದ. ಈರೋಡು, ಧಾರಾಪುರಗಳು ಟಿಪ್ಪುವಿನ ಕೈಗೆ ಮರಳಿದವು. ವರ್ಷ ಮುಗಿಯುವ ಮೊದಲೇ ಅವನು ಯುದ್ಧವನ್ನು ಕರ್ನಾಟಿಕ್ ಬಯಲಿಗೆ ಒಯ್ದಿದ್ದ.

ಇದರಿಂದ ಪಾಠ ಕಲಿತವನು ಗವರ್ನರ್ ಜನರಲ್ ಕಾರ್ನ್‌ವಾಲಿಸ್. 1791ರಲ್ಲಿ ತಾನೇ ದಂಡಿನ ಮುಂದಾಳುತನ ವಹಿಸಿದ. ಆಂಬೂರಿನತ್ತ ಹೊರಟಂತೆ ತೋರಿಸಿ, ಮುಗಳಿ ಕಣಿವೆಯಲ್ಲಿ ಘಟ್ಟ ಹತ್ತಿದ. ಈ ಸಲ ಲೆಕ್ಕ ತಪ್ಪಿದ್ದು ಟಿಪ್ಪುವಿಗೆ. ಮಾರ್ಚ್ 21ರಂದು ಬೆಂಗಳೂರು ಕೋಟೆ ಬಿತ್ತು.

ಎದುರಾಳಿಯ ಕೋಟೆ, ದಾರಿ, ದವಸಗಳನ್ನು ಎಣಿಸಬಹುದು. ಅವನೂ ನಮ್ಮನ್ನು ಎಣಿಸುತ್ತಿದ್ದಾನೆ, ನಾವು ಬಯಸಿದ ಕಡೆ ನಿಲ್ಲುವುದಿಲ್ಲ ಎಂಬುದನ್ನು ಮರೆತ ಯೋಜನೆ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅರ್ಧವೇ. ಮೆಡೋಸ್ ಅದಕ್ಕೆ ಒಂದು ವರ್ಷ ತೆತ್ತ. ಟಿಪ್ಪು ಅರ್ಧ ರಾಜ್ಯವನ್ನೇ ತೆತ್ತ: 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ದಿಂಡಿಗಲ್ ಸೀಮೆಯೂ ಮೈಸೂರಿನ ಕೈತಪ್ಪಿತು.